ಮುದ್ದೇಬಿಹಾಳದ ಎರೆಹೊಲಕ್ಕೆ ಅಗರು ಮರ ಒಗ್ಗುತ್ತದೆಯೇ?

ಮುದ್ದೇಬಿಹಾಳದ ಹತ್ತಿರ ನಿಮಗಿರುವ ಎರಡು ಎಕರೆ ಎರೆಹೊಲದಲ್ಲಿ ಸುಗಂಧದ ರಾಳ ಕೊಡುವ ಅಗರು ಮರದ ಸಸಿ ನೆಟ್ಟರೆ ಹತ್ತು ವರ್ಷಗಳಲ್ಲಿ ಕೋಟಿ ರೂಪಾಯಿ ಕೈಸೇರುತ್ತದೆಂದು ಸಸಿ ಮಾರುವವರು ಹೇಳುತ್ತಿದ್ದಾರೆ, ನಂಬಬಹುದೇ ಎಂದು ಕೇಳಿದ್ದೀರಿ. ಮಲೆನಾಡಿನ ಖಾನಾಪುರ ತಾಲ್ಲೂಕಿನ ನಮ್ಮ ಅಡಿಕೆ ತೋಟದಲ್ಲಿ ಈ ಮರಗಳನ್ನು ಬೆಳೆಸುತ್ತಿದ್ದೇನೆ. ಆದರೂ ನಿಮ್ಮ ಹೊಲಕ್ಕೆ ಇದು ಬೇಡವೆಂದೇ ಹೇಳುತ್ತೇನೆ.

ಶ್ರೀಗಂಧದ ಚೇಗು, ಅಂದರೆ ಕಾಂಡದ ನಡುವಿನ ಗಟ್ಟಿ ಕಟ್ಟಿಗೆ, ಮರ ಬಲಿತಂತೆ ತಾನಾಗಿಯೇ ಪರಿಮಳಗೊಳ್ಳುತ್ತದೆ. ಅಗರು ಹಾಗಲ್ಲ, ಆರೋಗ್ಯವಾಗಿರುವ ಮರವನ್ನು ಸೀಳಿದರೆ ಸಿಗುವುದು ಬಿಳಿಚಿದ, ಹಗುರವಾದ, ಗಂಧವಿಲ್ಲದ ಕಟ್ಟಿಗೆ ಮಾತ್ರ. ಕಾಂಡಕ್ಕೆ ಗಾಯವಾಗಿ ಅದರೊಳಗೆ ಶಿಲೀಂಧ್ರ ಸೇರಿದಾಗ ಮರವು ತನ್ನ ರಕ್ಷಣೆಗಾಗಿ ಕಡುಬಣ್ಣದ ರಾಳವನ್ನು ಉತ್ಪಾದಿಸುತ್ತದೆ, ಬೆಲೆಯೆಲ್ಲ ಆ ರಾಳಕ್ಕೇ. ಅದು ದಟ್ಟವಾಗಿ ತುಂಬಿದ ತುಂಡು ನೀರಿನಲ್ಲಿ ಮುಳುಗುತ್ತದೆ. ಅಸ್ಸಾಮಿನಲ್ಲಿ ಕಾಂಡ ಕೊರೆಯುವ ಒಂದು ಹುಳು ಈ ಗಾಯವನ್ನು ಮಾಡುತ್ತದೆ. ನಮ್ಮ ತೋಟಗಳಲ್ಲಿ ನಾವೇ ಕಾಂಡಕ್ಕೆ ರಂಧ್ರ ಕೊರೆದು ಶಿಲೀಂಧ್ರದ ದ್ರಾವಣ ಹಾಕಿಸಬೇಕಾಗುತ್ತದೆ. ಹಾಗೆ ಹಾಕಿಸಿದ ನಮ್ಮ ಒಂದು ಮರವನ್ನು ಕಡಿದು ನೋಡಿದಾಗ, ಪ್ರತಿ ರಂಧ್ರದ ಮೇಲೂ ಕೆಳಗೂ ರಾಳದ ಬೆರಳಗಲದ ಕಂದು ಗೆರೆಯಷ್ಟೇ ಇತ್ತು, ಉಳಿದದ್ದೆಲ್ಲ ಬಿಳಿ ಕಟ್ಟಿಗೆ. ಸಸಿ ಮಾರುವವರು ಲೆಕ್ಕ ಹೇಳುವಾಗ ಇಡೀ ಮರದ ತೂಕವನ್ನು ಹಿಡಿಯುತ್ತಾರೆ, ಇದು ಅನ್ಯಾಯ.

ಯಾವ ಮರದೊಳಗೆ ರಾಳವಿದೆಯೆಂದು ಹೊರಗಿನಿಂದ ಖಚಿತವಾಗಿ ತಿಳಿಯುವುದು ಕಷ್ಟವಾದ್ದರಿಂದ ಕಾಡಿನಲ್ಲಿ ರಾಳವಿಲ್ಲದ ಮರಗಳೂ ಕೊಡಲಿಗೆ ಬಲಿಯಾದವು, ಈಶಾನ್ಯ ಭಾರತದ ಸಹಜ ಕಾಡುಗಳಲ್ಲಿ ಅಗರು ತೀರ ವಿರಳವಾಯಿತು. ನಮ್ಮ ದೇಶದ ಮುಖ್ಯ ಅಗರು ಜಾತಿಯಾದ ಅಕ್ವಿಲೇರಿಯಾ ಮಲಾಕೆನ್ಸಿಸ್ 1995ರಿಂದ, ಅಳಿವಿನ ಭೀತಿಯಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ, ಅಂದರೆ ಪರವಾನಗಿಯಿಲ್ಲದೆ ರಫ್ತು ಮಾಡುವಂತಿಲ್ಲ. ಆದುದರಿಂದ ನೀವೇ ಬೆಳೆದರೂ ಸಸಿ ತಂದ ದಾಖಲೆಗಳನ್ನು ಜೋಪಾನವಾಗಿಡಬೇಕಾಗುತ್ತದೆ.

ಇನ್ನು ನೆಲದ ಮಾತು. ಇದು ತೇವದ ಕಾಡಿನ ಮರ. ಎಳೆಯ ಸಸಿಗೆ ನೆರಳು ಬೇಕು, ಬೇರಿಗೆ ನೀರು ನಿಲ್ಲದ ಮಣ್ಣು ಬೇಕು. ನಿಮ್ಮ ಕಡೆಯ ವರ್ಷಕ್ಕೆ 600 ಮಿ.ಮೀ. ಆಸುಪಾಸಿನ ಮಳೆ, 40 ಡಿಗ್ರಿ ದಾಟುವ ಬೇಸಿಗೆ, ಮಳೆಗೆ ಜಿಗುಟಾಗಿ ಬಿಸಿಲಿಗೆ ಬಿರುಕುಬಿಡುವ ಎರೆಮಣ್ಣು, ಇವು ಮೂರೂ ಅದಕ್ಕೆ ಪ್ರತಿಕೂಲ. ಕೊಳವೆಬಾವಿಯ ನೀರಿನಿಂದ ಮಣ್ಣನ್ನು ನೆನೆಸಬಹುದು, ಗಾಳಿಯ ತೇವವನ್ನು ಎಲ್ಲಿಂದ ತರುವುದು?

ಅಷ್ಟಾಗಿಯೂ ಆಸೆಯಿದ್ದರೆ ಬಾವಿಯ ಹತ್ತಿರ ಬಾಳೆಯ ನೆರಳಿನಲ್ಲಿ ನಾಲ್ಕಾರು ಸಸಿಗಳನ್ನಷ್ಟೇ ನೆಟ್ಟು ಎರಡು ಬೇಸಿಗೆ ಕಾದು ನೋಡಿ. ಮುಂಗಡ ಕೊಡುವ ಮೊದಲು, ಶಿಲೀಂಧ್ರ ಹಾಕುವ ಖರ್ಚು ಯಾರದು, ಕಟ್ಟಿಗೆಯನ್ನು ಯಾವ ದರ್ಜೆಗೆ ಯಾವ ದರದಲ್ಲಿ ಕೊಳ್ಳುತ್ತಾರೆ ಎಂಬುದನ್ನು ಸಸಿ ಮಾರುವವರಿಂದ ಬರಹದಲ್ಲಿ ಪಡೆಯಿರಿ.