ನಮ್ಮ ತಾತ 90 ದಾಟಿದ್ದರು. ಅಪ್ಪನಿಗೂ ಅದೇ ರೋಗನಿರೋಧಕ ಶಕ್ತಿ ಇರುತ್ತದಾ? ವಂಶ ಮುಖ್ಯವೋ, ಊಟವೋ?

ನಿಮ್ಮ ಪ್ರಶ್ನೆ ಓದಿದೆ. ವಂಶ ಗಟ್ಟಿಯಿದ್ದರೆ ಸಾಕು ಅಂತ ನಾಲ್ಕು ವರ್ಷದ ಹಿಂದೆ ನಾನೂ ನಂಬಿದ್ದೆ. ನಮ್ಮಜ್ಜಿ 93ರವರೆಗೆ ಬದುಕಿದವರು, 80ರಲ್ಲೂ ಗದ್ದೆಗೆ ಬುತ್ತಿ ಹೊತ್ತವರು. ಅವ್ವನದೂ ಅದೇ ರಕ್ತ, ಏನೂ ಆಗಲ್ಲ ಅಂದುಕೊಂಡಿದ್ದೆ. 74ಕ್ಕೆ ಅವ್ವನಿಗೆ ಸರ್ಪಸುತ್ತು ಆಯಿತು. ಅದು ಮಾಯುವಷ್ಟರಲ್ಲಿ ನ್ಯುಮೋನಿಯಾ. ಮಂಡ್ಯದ ಆಸ್ಪತ್ರೆಯಲ್ಲಿ ಒಂಬತ್ತು ದಿನ.

ಅಲ್ಲಿ ತೂಕ ನೋಡಿದರೆ 43 ಕೆಜಿ. ವರ್ಷದ ಹಿಂದೆ 51 ಇತ್ತು. ಡಾಕ್ಟರು ಊಟ ಹೇಗೆ ಅಂತ ಕೇಳಿದರು. "ಎರಡು ಹೊತ್ತೂ ಮುದ್ದೆ ಉಣ್ತಾರೆ ಸಾರ್" ಅಂದೆ, ಹೆಮ್ಮೆಯಿಂದ. ನಾನು ಎಡವಿದ್ದು ಅಲ್ಲೇ. ಮುದ್ದೆಯನ್ನು ಯಾರೂ ಅಗಿಯಲ್ಲ, ನುಂಗುತ್ತಾರೆ. ಹಲ್ಲಿನ ಸೆಟ್ಟು ವಸಡಿಗೆ ಒತ್ತುತ್ತಿತ್ತು ಅಂತ ಅವ್ವ ಅದನ್ನು ಸ್ಟೀಲ್ ಲೋಟದ ನೀರಲ್ಲೇ ಬಿಟ್ಟಿರುತ್ತಿದ್ದಳು. ಬಸ್ಸಾರು ಮಾಡಿದ ದಿನ ಸಾರಿನಲ್ಲಿ ಮುದ್ದೆ ನುಂಗಿ, ಬಸಿದ ಕಾಳಿನ ಪಲ್ಯವನ್ನು ತಟ್ಟೆಯಂಚಿಗೆ ಸರಿಸಿ "ಮಗೀಗೆ ಹಾಕು" ಅನ್ನುತ್ತಿದ್ದಳು. ಮೊಮ್ಮಗನ ಮೇಲಿನ ಅಕ್ಕರೆ ಅಂದುಕೊಂಡೆ. ಪ್ರೋಟೀನು ಇದ್ದದ್ದೇ ಆ ಪಲ್ಯದಲ್ಲಿ! 100 ಗ್ರಾಂ ರಾಗಿಯಲ್ಲಿ ಸುಮಾರು 7 ಗ್ರಾಂ ಪ್ರೋಟೀನು, ಅಷ್ಟೇ ಹುರುಳಿಕಾಳಿನಲ್ಲಿ 20ರ ಮೇಲೆ. ವಯಸ್ಸಾದವರಿಗೆ ಕೆಜಿ ತೂಕಕ್ಕೆ ದಿನಕ್ಕೆ 1 ಗ್ರಾಮಾದರೂ ಬೇಕು. ನಾನು ಮುದ್ದೆ ಎಣಿಸಿದೆ, ಪಲ್ಯ ನೋಡಲಿಲ್ಲ. ಬಳೆ ಮೊಣಕೈವರೆಗೆ ಜಾರುತ್ತಿದ್ದದ್ದನ್ನೂ ನೋಡಲಿಲ್ಲ.

ಅದಕ್ಕೇ ನಿಮ್ಮ "ವಂಶವೋ ಊಟವೋ" ನನಗೆ ಒಪ್ಪಿಗೆಯಿಲ್ಲ. ವಂಶದ ಪಾಲು ಇದ್ದೇ ಇದೆ. ಆದರೆ 2015ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನವರು 210 ಅವಳಿಗಳ ರಕ್ತ ಪರೀಕ್ಷಿಸಿದಾಗ, ರೋಗನಿರೋಧಕ ವ್ಯವಸ್ಥೆಯ ಅಳತೆಗಳಲ್ಲಿ ಮುಕ್ಕಾಲು ಪಾಲಿಗೆ ವಂಶಕ್ಕಿಂತ ಬೇರೆ ಕಾರಣಗಳೇ ಮೇಲುಗೈ. ವಯಸ್ಸಾದಂತೆ ಅವಳಿಗಳೂ ಒಬ್ಬರಂತೆ ಒಬ್ಬರಿರಲಿಲ್ಲ. ಎದೆಯೊಳಗಿನ ಥೈಮಸ್ ಗ್ರಂಥಿ ಎಂಥ ವಂಶದವರಿಗೂ ಕುಗ್ಗುತ್ತದೆ, ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳಾದ ಟಿ ಕಣಗಳು ಹೊಸದಾಗಿ ಹುಟ್ಟುವುದು ಕಡಿಮೆಯಾಗುತ್ತದೆ. ಚಿಕ್ಕಂದಿನಲ್ಲಿ ಅಮ್ಮ ಎದ್ದಿತ್ತಲ್ಲ, ಆ ಚಿಕನ್‌ಪಾಕ್ಸ್ ವೈರಸ್ಸು ನರದ ಬುಡದಲ್ಲಿ ಅಡಗಿದ್ದು ಆಗ ಸರ್ಪಸುತ್ತಾಗಿ ಏಳಬಹುದು. ಇದರ ಮೇಲೆ ಊಟವೂ ಸೊರಗಿದರೆ ಮೈ ಯಾವುದರಿಂದ ತಡೆದೀತು?

ಇಮ್ಯೂನಿಟಿ ಪೌಡರಿಗೆ ದುಡ್ಡು ಹಾಕಬೇಡಿ. ಇವತ್ತು ರಾತ್ರಿ ಅಪ್ಪ ಕೈ ತೊಳೆದ ಮೇಲೆ ತಟ್ಟೆಯಲ್ಲಿ ಏನು ಉಳಿದಿದೆ ನೋಡಿ. ತಿಂಗಳಿಗೊಮ್ಮೆ ತೂಕ ಬರೆದಿಡಿ. ಹಲ್ಲು ತೋರಿಸಿ. ರಕ್ತದಲ್ಲಿ ವಿಟಮಿನ್ ಬಿ12 ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ. ನ್ಯುಮೋನಿಯಾ, ಸರ್ಪಸುತ್ತಿನ ಲಸಿಕೆಗಳ ಬಗ್ಗೆ ಡಾಕ್ಟರನ್ನು ಕೇಳಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಕೇಳದೆ ಪ್ರೋಟೀನು ಹೆಚ್ಚಿಸಬೇಡಿ.

ನಮ್ಮ ಮನೆಯಲ್ಲಿ ಈಗ ಕಾಳನ್ನು ಕುಕ್ಕರಿನಲ್ಲಿ ಎರಡು ಕೂಗು ಹೆಚ್ಚಿಗೆ ಕೂಗಿಸಿ, ಸೌಟಿನಲ್ಲಿ ಮಸೆದು ಸಾರಿಗೇ ಸೇರಿಸುತ್ತೇವೆ. ಜೊತೆಗೆ ದಿನಾ ಒಂದು ಮೊಟ್ಟೆ. ಅವ್ವ 48 ಕೆಜಿಗೆ ಬಂದಿದ್ದಾಳೆ.