ಓದುಗರ ಪ್ರಶ್ನೆಗೆ ಉತ್ತರ: ಬೇಲರ್‌ಗಿಂತ ಮೊದಲು ಸೂರು

ಪ್ರಶ್ನೆ: ನಮಗೆ ಮೂರು ಎಕರೆ ಜಮೀನು, ಒಂದು ಕೊಳವೆಬಾವಿ ಮತ್ತು ನಾಲ್ಕು ಮಿಶ್ರತಳಿ ಹಸುಗಳಿವೆ. ಅರ್ಧ ಎಕರೆಯಲ್ಲಿ ಕುದುರೆ ಮಸಾಲೆ (ಲೂಸರ್ನ್ ಮೇವು), ಕಾಲು ಎಕರೆಯಲ್ಲಿ ಕೋ–4 ತಳಿಯ ನೇಪಿಯರ್ ಹುಲ್ಲು ಇದೆ. ಚಳಿಗಾಲದಲ್ಲಿ ಮಿಕ್ಕ ಕುದುರೆ ಮಸಾಲೆಯನ್ನು ಒಣಗಿಸಿ ಬೇಸಿಗೆಗೆ ಇಟ್ಟುಕೊಳ್ಳಲು ಕಳೆದ ವರ್ಷ ಪ್ರಯತ್ನಿಸಿದೆವು. ಅರ್ಧದಷ್ಟು ಎಲೆಯೆಲ್ಲ ಉದುರಿ ಬರೀ ಕಡ್ಡಿಯಾಯಿತು, ಉಳಿದರ್ಧ ಟಾರ್ಪಾಲಿನಡಿ ಬೂಷ್ಟು ಹಿಡಿಯಿತು. ಒಣಮೇವನ್ನು ಅದುಮಿ ಕಟ್ಟು ಕಟ್ಟುವ ಸಣ್ಣ ಬೇಲರ್ ಯಂತ್ರ ತೆಗೆದುಕೊಂಡರೆ ಎಲ್ಲ ಸರಿಹೋಗುತ್ತದೆ ಎಂದು ಯಂತ್ರ ಮಾರುವವರು ಹೇಳುತ್ತಿದ್ದಾರೆ. ನಮ್ಮಲ್ಲಿ ಸ್ವಂತ ಟ್ರ್ಯಾಕ್ಟರ್ ಇಲ್ಲ. ಯಾವ ಯಂತ್ರ ಕೊಳ್ಳುವುದು ಸೂಕ್ತ?
– ಓದುಗರೊಬ್ಬರು, ಶಿರಾ ತಾಲ್ಲೂಕು

ಉತ್ತರ: ಬೇಲರ್ ಕೊಳ್ಳಬೇಡಿ. ನಿಮ್ಮ ಮೇವು ಕೆಟ್ಟದ್ದು ಕಟ್ಟದೆ ಇದ್ದುದರಿಂದ ಅಲ್ಲ; ಒಂದು ಭಾಗ ಅತಿಯಾಗಿ ಒಣಗಿದ ಮೇಲೆ ಕೈಯಾಡಿಸಿದ್ದರಿಂದ, ಇನ್ನೊಂದು ಭಾಗ ಪೂರ್ತಿ ಒಣಗುವ ಮೊದಲೇ ಮುಚ್ಚಿಟ್ಟಿದ್ದರಿಂದ. ಈ ಎರಡನ್ನೂ ಬೇಲರ್ ಸರಿಪಡಿಸುವುದಿಲ್ಲ. ಅರೆಹಸಿ ಮೇವನ್ನು ಬಿಗಿಯಾಗಿ ಅದುಮಿ ಕಟ್ಟಿದರೆ ಅದು ಬಿಡಿಯಾಗಿದ್ದಾಗಿನಕ್ಕಿಂತ ಬೇಗ ಬಿಸಿಯೇರಿ ಹಾಳಾಗುತ್ತದೆ.

ಮೊದಲು ನಿಮಗೆ ಬೇಕಾದ ಪ್ರಮಾಣವನ್ನು ಲೆಕ್ಕ ಹಾಕೋಣ. ಫೆಬ್ರವರಿಯಿಂದ ಮೇ ತಿಂಗಳವರೆಗಿನ 120 ದಿನಗಳಲ್ಲಿ ರಾಗಿ ಹುಲ್ಲಿನ ಜೊತೆಗೆ ಹಸುವೊಂದಕ್ಕೆ ದಿನಕ್ಕೆ ಎರಡು ಕಿಲೋ ಒಣಗಿದ ಕುದುರೆ ಮಸಾಲೆ ಕೊಡುತ್ತೀರಿ ಎಂದಿಟ್ಟುಕೊಂಡರೆ ನಾಲ್ಕು ಹಸುಗಳಿಗೆ 960 ಕಿಲೋ, ಅಂದರೆ ಹತ್ತಿರಹತ್ತಿರ ಒಂದು ಟನ್ ಬೇಕು. ಹೂ ಕಾಣಿಸಿಕೊಳ್ಳುವ ಹಂತದ ಹಸಿ ಸೊಪ್ಪಿನಲ್ಲಿ ಸುಮಾರು ಶೇ 80ರಷ್ಟು ನೀರೇ ಇರುತ್ತದೆ. ಅದನ್ನು ಶೇ 15ರ ತೇವಾಂಶಕ್ಕೆ ಇಳಿಸಿದಾಗ ಒಂದು ಟನ್ ಹಸಿ ಸೊಪ್ಪಿನಿಂದ ಕೈಗೆ ಬರುವುದು ಸುಮಾರು 235 ಕಿಲೋ ಮಾತ್ರ. ಉದುರಿ ಹೋಗುವುದನ್ನೂ ಸೇರಿಸಿದರೆ ನೀವು ಐದು ಟನ್ ಹಸಿ ಸೊಪ್ಪನ್ನು ಒಣಗಿಸಬೇಕು. ನೀರು ಗೊಬ್ಬರ ಸರಿಯಾಗಿದ್ದರೆ ಅರ್ಧ ಎಕರೆಯಿಂದ ನವೆಂಬರ್–ಜನವರಿ ನಡುವಿನ ಮೂರು ಕೊಯ್ಲಿನಲ್ಲಿ ಇಷ್ಟು ಸಿಗುತ್ತದೆ. ಇಪ್ಪತ್ತು ಕಿಲೋ ತೂಕದ ಕಟ್ಟುಗಳಾದರೆ ವರ್ಷಕ್ಕೆ ಐವತ್ತು ಕಟ್ಟು. ಸಣ್ಣ ಉರುಟು ಬೇಲರ್‌ಗೆ ಇದು ಒಂದೆರಡು ಗಂಟೆಯ ಕೆಲಸ. ಅದನ್ನು ಎಳೆಯಲು ಸಾಮಾನ್ಯವಾಗಿ 35 ಎಚ್.ಪಿ.ಗೆ ಮೇಲ್ಪಟ್ಟ ಟ್ರ್ಯಾಕ್ಟರ್ ಬೇಕು, ಅದೂ ಬಾಡಿಗೆಯದೇ ಆಗಬೇಕು. ವರ್ಷಕ್ಕೆ ಎರಡು ಗಂಟೆ ದುಡಿದು ಉಳಿದ ದಿನವೆಲ್ಲ ತುಕ್ಕು ಹಿಡಿಯುವ ವಸ್ತುವಿಗೆ ಲಕ್ಷಗಟ್ಟಲೆ ಹಣ ಹಾಕುವುದಕ್ಕಿಂತ ಇನ್ನೊಂದು ಹಸು ಕಟ್ಟುವುದೇ ಲೇಸು.

ಈಗ ಒಣಗಿಸುವ ಕ್ರಮಕ್ಕೆ ಬರೋಣ. ಒಣಮೇವಿನ ಗುಣ ತೀರ್ಮಾನವಾಗುವುದು ಮುಖ್ಯವಾಗಿ ಇಲ್ಲಿಯೇ. ಕುದುರೆ ಮಸಾಲೆಯ ಪ್ರೋಟೀನಿನ ಬಹುಪಾಲು ಎಲೆಯಲ್ಲಿದೆ. ಎಲೆ ತೆಳುವಾದ್ದರಿಂದ ಬಿಸಿಲಿಗೆ ಬೇಗ ಒಣಗಿ ಗರಿಗರಿಯಾಗುತ್ತದೆ, ಕಡ್ಡಿ ಮಾತ್ರ ಒಳಗೆ ನೀರು ಹಿಡಿದುಕೊಂಡೇ ಇರುತ್ತದೆ. ಕಡ್ಡಿ ಒಣಗಲಿ ಎಂದು ಮಧ್ಯಾಹ್ನದ ಬಿಸಿಲಿನಲ್ಲಿ ಮತ್ತೆ ಮತ್ತೆ ತಿರುವಿದರೆ ಎಲೆ ಪುಡಿಯಾಗಿ ನೆಲದ ಪಾಲಾಗುತ್ತದೆ, ಉದುರುತ್ತದೆಂದು ಹೆದರಿ ಬೇಗ ಒಟ್ಟಿದರೆ ಕಡ್ಡಿಯ ತೇವ ಬೂಷ್ಟು ತರುತ್ತದೆ. ಎರಡೂ ನಿಮಗೆ ಒಂದೇ ವರ್ಷದಲ್ಲಿ ಆಗಿರುವುದಕ್ಕೆ ಕಾರಣ ಇದೇ.

ಗಿಡಗಳಲ್ಲಿ ಹತ್ತರಲ್ಲೊಂದು ಪಾಲು ಹೂ ಬಿಟ್ಟಾಗ ಕೊಯ್ಯಿರಿ. ಇನ್ನೊಂದು ವಾರ ಬಿಟ್ಟರೆ ರಾಶಿ ಹೆಚ್ಚಾದಂತೆ ಕಂಡರೂ ಹೆಚ್ಚಾಗುವುದು ಕಡ್ಡಿಯೇ. ಇಡೀ ಅರ್ಧ ಎಕರೆಯನ್ನು ಒಮ್ಮೆಗೇ ಕೊಯ್ಯದೆ ಐದೈದು ಗುಂಟೆಯಂತೆ ಕೊಯ್ದರೆ ಒಂದು ಸಲಕ್ಕೆ ಕ್ವಿಂಟಾಲಿನಷ್ಟು ಒಣಮೇವು ಬರುತ್ತದೆ, ಮನೆಯ ಇಬ್ಬರು ಅದನ್ನು ಸಂಭಾಳಿಸಬಹುದು. ಇಬ್ಬನಿ ಆರಿದ ಮೇಲೆ, ನೆಲದಿಂದ ನಾಲ್ಕು ಬೆರಳು ಬಿಟ್ಟು ಕೊಯ್ಯಿರಿ. ತೀರಾ ಬುಡಕ್ಕೆ ಕೊಯ್ದರೆ ಮಣ್ಣೂ ಜೊತೆಗೆ ಬರುತ್ತದೆ, ಮುಂದಿನ ಚಿಗುರಿಗೂ ಪೆಟ್ಟು ಬೀಳುತ್ತದೆ. ಅರಿಯನ್ನು ತೆಳ್ಳಗೆ ಹರಡಿ, ಮೊದಲ ದಿನ, ಎಲೆ ಇನ್ನೂ ಮೆತ್ತಗಿರುವಾಗಲೇ, ಕವೆಗೋಲಿನಿಂದ ಎರಡು ಮೂರು ಸಲ ಎತ್ತಿ ತಿರುವಿ. ಮರುದಿನ ಮುಟ್ಟುವುದಾದರೆ ಬೆಳಿಗ್ಗೆ ಇಬ್ಬನಿಯ ಪಸೆಯಿಂದ ಎಲೆ ಮೆತ್ತಗಿರುವ ಹೊತ್ತಿನಲ್ಲಿ ಮಾತ್ರ ಮುಟ್ಟಿ, ಸಡಿಲವಾದ ಸಾಲುಗಳಾಗಿ ಒತ್ತರಿಸಿ. ಆಮೇಲೆ ಬಿಸಿಲಿನ ಕೆಲಸ ಮುಗಿಯಿತು. ಉಳಿದ ತೇವವನ್ನು ಗಾಳಿಗೆ ಬಿಟ್ಟುಕೊಡಬೇಕು. ಮೂರು ಬಿದಿರು ಗಳುಗಳ ತುದಿಯನ್ನು ಸೇರಿಸಿ ಕಟ್ಟಿ, ನೆಲದಿಂದ ಮೊಳದೆತ್ತರದಲ್ಲಿ ಅಡ್ಡಗೋಲು ಬಿಗಿದು, ಅದರ ಮೇಲೆ ಸೊಪ್ಪನ್ನು ಸಡಿಲವಾಗಿ ಹೇರಿದರೆ ಒಳಗೆಲ್ಲ ಗಾಳಿಯಾಡಿ ಎರಡು ಮೂರು ದಿನದಲ್ಲಿ ಕಡ್ಡಿಯೂ ಒಣಗುತ್ತದೆ, ಹಸಿರು ಬಣ್ಣವೂ ಉಳಿಯುತ್ತದೆ. ಬಿಸಿಲಿಗೆ ಬಿಳಿಚಿದ ಮೇವಿನಲ್ಲಿ ಹಸುವಿಗೆ ಎ ಜೀವಸತ್ವ ಒದಗಿಸುವ ಕ್ಯಾರೋಟಿನ್ ಬಹಳಷ್ಟು ನಷ್ಟವಾಗಿರುತ್ತದೆ, ಆದ್ದರಿಂದ ಬಣ್ಣದ ಮಾತು ಬರೀ ಅಂದಕ್ಕಲ್ಲ. ಉದುರಿದ ಎಲೆಪುಡಿಯನ್ನು ಗುಡಿಸಿ ಎಸೆಯಬೇಡಿ, ಮಣ್ಣಿಲ್ಲದಿದ್ದರೆ ಬೂಸಾದೊಂದಿಗೆ ಕಲಸಿ ಗೋದಲಿಗೆ ಹಾಕಿ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು: ರಾಗಿ, ಹುರುಳಿ ಒಕ್ಕಲು ಟಾರು ರಸ್ತೆಗೆ ಹರಡುವ ಅಭ್ಯಾಸ ನಿಮ್ಮ ಕಡೆ ಹೆಚ್ಚು. ಕಡ್ಡಿ ಜಜ್ಜಿ ಬೇಗ ಒಣಗುತ್ತದೆ ಎಂಬ ಆಸೆಗೆ ಮೇವನ್ನೂ ಅಲ್ಲಿಗೆ ಒಯ್ಯಬೇಡಿ. ಎಣ್ಣೆ, ಜಲ್ಲಿಪುಡಿ, ತಂತಿಯ ಚೂರು ಎಲ್ಲವೂ ಹಸುವಿನ ಹೊಟ್ಟೆಗೆ ಸೇರುತ್ತವೆ. ಬೈಕಿನಲ್ಲಿ ಹೋಗುವವರ ಪಾಡು ಬೇರೆ.

ಒಣಗಿದೆಯೇ ಎಂದು ತಿಳಿಯಲು ತೇವಮಾಪಕ ಕೊಳ್ಳುವ ಅಗತ್ಯವಿಲ್ಲ. ದಪ್ಪನೆಯ ಕಡ್ಡಿಯೊಂದನ್ನು ಆರಿಸಿ ಉಗುರಿನಿಂದ ಕೆರೆಯಿರಿ. ಸಿಪ್ಪೆ ಸುಲಿದು ಬಂದರೆ ಇನ್ನೂ ಹಸಿ ಇದೆ. ಇದಕ್ಕಿಂತ ಖಚಿತವಾದದ್ದು ಉಪ್ಪಿನ ಪರೀಕ್ಷೆ. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಗೆ, ಸಣ್ಣಗೆ ಕತ್ತರಿಸಿದ ಮೇವನ್ನು ಅರ್ಧದವರೆಗೆ ತುಂಬಿ, ಒಂದು ಚಮಚ ಒಣ ಪುಡಿಯುಪ್ಪು ಹಾಕಿ, ಮುಚ್ಚಳ ಬಿಗಿದು ಎರಡು ನಿಮಿಷ ಕುಲುಕಿ. ಉಪ್ಪು ಉದುರುದುರಾಗಿಯೇ ಉಳಿದರೆ ಒಟ್ಟಬಹುದು. ಗಂಟು ಕಟ್ಟಿದರೆ ಅಥವಾ ಬಾಟಲಿಗೆ ಅಂಟಿದರೆ ಮತ್ತೊಂದು ದಿನ ಗಾಳಿಗೆ ಬಿಡಿ. ಮಳೆಗಾಲದಲ್ಲಂತೂ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ನಿಮ್ಮ ಭಾಗದಲ್ಲಿ ಸೆಪ್ಟೆಂಬರ್–ಅಕ್ಟೋಬರ್ ಮಳೆ ಜೋರಾಗಿರುವಾಗ ಮೇವು ಹುಲುಸಾಗಿ ಬೆಳೆಯುತ್ತದೆ, ಆದರೆ ಅದನ್ನು ಹಸಿಯಾಗಿ ತಿನ್ನಿಸುವುದು ಅಥವಾ ಗಾಳಿಯಾಡದಂತೆ ಮುಚ್ಚಿ ಹುದುಗಿಸಿ ರಸಮೇವು (ಸೈಲೇಜ್) ಮಾಡುವುದು ಸರಿ. ನೇಪಿಯರ್‌ಗೂ ಇದೇ ಮಾತು. ಅದರ ದಪ್ಪ ದಂಟು ಒಣಗುವಷ್ಟರಲ್ಲಿ ಎಲೆ ಸತ್ವ ಕಳೆದುಕೊಂಡಿರುತ್ತದೆ.

ಇನ್ನು ಸಲಕರಣೆ. ನಿಮ್ಮ ಹಣವನ್ನು ಮೊದಲು ಸೂರಿಗೆ ಹಾಕಿ. ಒಂದು ಟನ್ ಬಿಡಿ ಒಣಮೇವಿಗೆ ಸುಮಾರು ಹದಿನೈದು ಘನ ಮೀಟರ್ ಜಾಗ ಬೇಕು. ಹತ್ತಡಿ ಅಗಲ, ಹತ್ತಡಿ ಉದ್ದ, ಎಂಟಡಿ ಎತ್ತರದ ತಗಡಿನ ಮಾಡು ಸಾಕಾಗಿ ಮಿಗುತ್ತದೆ. ಕೊಟ್ಟಿಗೆಗೆ ತಾಗಿಸಿಯೇ ಇಳಿಜಾರು ಇಳಿಸಿದರೆ ಖರ್ಚು ಇನ್ನೂ ಕಡಿಮೆ. ನೆಲದಿಂದ ತೇವ ಏರದಂತೆ ಕಲ್ಲಿನ ಮೇಲೆ ಮರದ ತೊಲೆ ಅಥವಾ ಅಡಿಕೆ ದಬ್ಬೆ ಹಾಸಿ, ಪಕ್ಕಗಳನ್ನು ತೆರೆದಿಡಿ. ಟಾರ್ಪಾಲನ್ನು ಮೇವಿನ ಮೇಲೆಯೇ ಹೊದಿಸಿದರೆ ಒಳಗಿನ ಬೆವರು ಮತ್ತೆ ಮೇವಿಗೇ ತೊಟ್ಟಿಕ್ಕುತ್ತದೆ. ನಿಮ್ಮಲ್ಲಿ ನಡೆದಿರುವುದು ಅದೇ. ರಾಗಿ ಹುಲ್ಲಿನ ಮೆದೆ ಬಯಲಿನಲ್ಲೇ ಇರಲಿ. ಹೊರಮುಖ ಇಳಿಜಾರಾಗಿ ಒಟ್ಟಿದ ಮೆದೆಯ ಮೇಲೆ ಬಿದ್ದ ಮಳೆನೀರು ಜಾರಿ ಹೋಗುತ್ತದೆ. ಎಲೆ ಹೆಚ್ಚಿರುವ ಕುದುರೆ ಮಸಾಲೆ, ಅಲಸಂದೆಗಳನ್ನು ಹಾಗೆ ಇಡಲಾಗದು.

ಎರಡನೆಯದಾಗಿ, ಕುಡುಗೋಲಿನಿಂದ ಕೊಯ್ಯಲು ಆಳು ಸಿಗದಿದ್ದರೆ ಬೆನ್ನಿಗೆ ಅಥವಾ ಹೆಗಲಿಗೆ ತಗುಲಿಸಿಕೊಳ್ಳುವ ಕಳೆ ಕೊಚ್ಚುವ ಯಂತ್ರ ಸಾಕು. ನೈಲಾನ್ ದಾರ ಬಳಸಬೇಡಿ, ಅದು ಎಲೆಯನ್ನು ಚಿಂದಿ ಮಾಡುತ್ತದೆ. ಹಲ್ಲಿನ ಬ್ಲೇಡಿಗೆ, ಬೆಳೆಯನ್ನು ಒಂದೇ ಕಡೆಗೆ ಮಲಗಿಸುವ ಗಾರ್ಡ್ ಜೋಡಿಸಿಕೊಳ್ಳಿ. ಪೆಟ್ರೋಲಿಗೆ ಎಣ್ಣೆ ಬೆರೆಸುವ ಅಳತೆಯ ತಲೆನೋವು ಬೇಡವೆನ್ನುವವರಿಗೆ ನಾಲ್ಕು ಸ್ಟ್ರೋಕಿನದು ಅನುಕೂಲ, ಎರಡು ಸ್ಟ್ರೋಕಿನದು ಹಗುರ. ಟ್ರ್ಯಾಕ್ಟರ್‌ಗೆ ಕಟ್ಟುವ ಮೇವು ಕೊಯ್ಯುವ ಯಂತ್ರ (ಡ್ರಮ್ ಮೊವರ್) ಅರ್ಧ ಎಕರೆಗೆ ಹೇಳಿದ್ದಲ್ಲ.

ಕಟ್ಟು ಕಟ್ಟಿಯೇ ಇಡಬೇಕೆಂದಿದ್ದರೆ ಊರಿನ ಬಡಗಿಯಿಂದ ಮರದ ಪೆಟ್ಟಿಗೆಯೊಂದನ್ನು ಮಾಡಿಸಿ. ಒಳ ಅಳತೆ 85 ಸೆಂ.ಮೀ. ಉದ್ದ, 55 ಸೆಂ.ಮೀ. ಅಗಲ, 45 ಸೆಂ.ಮೀ. ಆಳ ಇರಲಿ; ತಳ ಮತ್ತು ಮೇಲ್ಭಾಗ ಎರಡೂ ತೆರೆದಿರಲಿ. ಮೊದಲೇ ಎರಡು ಹುರಿಗಳನ್ನು ಅಡ್ಡಕ್ಕೆ ಇಳಿಬಿಟ್ಟು, ಮೇವು ತುಂಬುತ್ತಾ ಕಾಲಿನಿಂದ ಮೂಲೆಮೂಲೆಗೂ ತುಳಿದು, ಹುರಿ ಬಿಗಿದು ಪೆಟ್ಟಿಗೆಯನ್ನು ಮೇಲಕ್ಕೆ ಎತ್ತಿಬಿಟ್ಟರೆ ಇಪ್ಪತ್ತು ಕಿಲೋ ಆಸುಪಾಸಿನ ಕಟ್ಟು ಉಳಿಯುತ್ತದೆ. ಕೆನ್ಯಾದ ಸಣ್ಣ ಹೈನುಗಾರರು ಬಳಸುವ ಸಾಧನವಿದು, ನಮಗೂ ಚೆನ್ನಾಗಿ ಒಗ್ಗುತ್ತದೆ. ಮುಂದೆ ಹಸುಗಳು ಹೆಚ್ಚಾಗಿ, ಅಕ್ಕಪಕ್ಕದ ಹತ್ತಾರು ಮನೆಯವರೂ ಸೇರಿದರೆ ಆಗ ಬೇಲರ್‌ನ ಮಾತು ತೆಗೆಯಬಹುದು. ಆಗಲೂ ಮೊದಲು ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಇದೆಯೇ ಎಂದು ಕೇಳಿ, ಒಂದು ಹಂಗಾಮು ಬಾಡಿಗೆಯಲ್ಲೇ ನೋಡಿ. ಸಹಾಯಧನ ಬೇಕಿದ್ದಲ್ಲಿ ಯಂತ್ರ ಕೊಳ್ಳುವ ಮೊದಲೇ ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ ಕೊಡಬೇಕು ಎಂಬುದನ್ನು ಮರೆಯದಿರಿ.

ಪ್ರಶ್ನೆ: ನಮ್ಮಲ್ಲಿ ಬಿಳಿಜೋಳದ ಕಣಿಕೆ, ಗೋವಿನಜೋಳದ ದಂಟು ಎರಡೂ ಇವೆ. ಎರಡು ಎಮ್ಮೆ, ಎರಡು ಎತ್ತು. ದಪ್ಪ ದಂಟನ್ನೆಲ್ಲ ಗೋದಲಿಯಲ್ಲೇ ಬಿಡುತ್ತವೆ. ಮೇವು ಕತ್ತರಿಸುವ ಯಂತ್ರ ಕೈಯಿಂದ ತಿರುಗಿಸುವುದು ಸಾಕೇ, ಮೋಟಾರಿನದು ಬೇಕೇ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಒಣ ಗೋವಿನಜೋಳದ ದಂಟನ್ನು ದಿನವೂ ಕೈಯಿಂದ ಕತ್ತರಿಸುವುದು ಮನೆಯ ಹೆಣ್ಣುಮಕ್ಕಳ ತೋಳಿಗೆ ಶಿಕ್ಷೆ. ಬಹುತೇಕ ಮನೆಗಳಲ್ಲಿ ಆ ಚಕ್ರ ತಿರುಗಿಸುವವರು ಅವರೇ ಆಗಿರುವುದರಿಂದ ಈ ಮಾತು. ಎರಡು ಎಚ್.ಪಿ. ಮೋಟಾರಿನ ಯಂತ್ರ ನಾಲ್ಕು ಜಾನುವಾರಿಗೆ ಧಾರಾಳ. ಪಂಪ್‌ಸೆಟ್ಟಿನ ತ್ರೀ ಫೇಸ್ ವಿದ್ಯುತ್ ದಿನದಲ್ಲಿ ಕೆಲವೇ ಗಂಟೆ, ಅದೂ ಹೊತ್ತಲ್ಲದ ಹೊತ್ತಿನಲ್ಲಿ ಬರುವುದರಿಂದ ಮನೆಯ ಸಿಂಗಲ್ ಫೇಸ್‌ನಲ್ಲಿ ನಡೆಯುವ ಮೋಟಾರನ್ನೇ ಆರಿಸಿ. ಕತ್ತರಿಸಿದ ತುಂಡು ಎರಡು–ಮೂರು ಸೆಂ.ಮೀ. ಇರಲಿ, ಇನ್ನೂ ನುಣ್ಣಗೆ ಮಾಡಿದರೆ ಮೆಲುಕು ಕಡಿಮೆಯಾಗುತ್ತದೆ.

ಅಂಗಡಿಯಲ್ಲಿ ಬಣ್ಣ ನೋಡಬೇಡಿ, ಮೂರು ಭಾಗ ನೋಡಿ. ಮೇವು ಒಳಗೆಳೆಯುವ ರೋಲರಿಗೂ ಕೈ ಇಡುವ ಜಾಗಕ್ಕೂ ನಡುವಿನ ದೋಣಿ ಉದ್ದವಾಗಿದ್ದು ಅದರ ಬಾಯಿಗೆ ಮುಚ್ಚಳವಿರಬೇಕು. ರೋಲರನ್ನು ತಕ್ಷಣ ನಿಲ್ಲಿಸುವ ಅಥವಾ ಹಿಂದಕ್ಕೆ ತಿರುಗಿಸುವ ಸನ್ನೆಕೋಲು ಕೈಗೆಟಕುವಂತಿರಬೇಕು. ಬೆಲ್ಟ್ ಮತ್ತು ಚಕ್ರದ ಮೇಲೆ ಜಾಲರಿಯಿರಬೇಕು. ಇವುಗಳಲ್ಲಿ ಒಂದು ಇಲ್ಲದಿದ್ದರೂ, ಎಷ್ಟೇ ಅಗ್ಗವಾದರೂ ಬೇಡ. ಬೆರಳು ಕಳೆದುಕೊಂಡವರು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾರೆ. ಸೀರೆಯ ಸೆರಗು, ಟವೆಲ್ಲು ಬಿಗಿಯಾಗಿ ಕಟ್ಟಿಕೊಂಡೇ ಯಂತ್ರದ ಬಳಿ ನಿಲ್ಲಬೇಕು. ಬ್ಲೇಡನ್ನು ಆಗಾಗ ಸಾಣೆ ಹಿಡಿಸಿ, ಮೊಂಡಾದ ಬ್ಲೇಡು ಕತ್ತರಿಸುವ ಬದಲು ಜಗಿಯುತ್ತದೆ, ಮೋಟಾರೂ ಬಿಸಿಯಾಗುತ್ತದೆ.

ಜೊತೆಗೆ ಒಂದು ಎಚ್ಚರಿಕೆ. ಮಳೆಯಿಲ್ಲದೆ ಬಾಡಿದ ಎಳೆ ಜೋಳದಲ್ಲಿ ಸಯನೈಡ್ ವಿಷವಿರುತ್ತದೆ. ಚೆನ್ನಾಗಿ ಒಣಗಿಸಿದರೆ ಅದು ಬಹಳಷ್ಟು ಇಳಿಯುತ್ತದೆ. ಆದರೆ ಯೂರಿಯಾ ಹೆಚ್ಚಾಗಿ ಹಾಕಿದ ಬೆಳೆಯಲ್ಲಿ ಸೇರಿಕೊಳ್ಳುವ ನೈಟ್ರೇಟ್ ಒಣಗಿಸಿದ ಮೇಲೂ ಹಾಗೆಯೇ ಉಳಿಯುತ್ತದೆ.

ಪ್ರಶ್ನೆ: ಭತ್ತದ ಹುಲ್ಲನ್ನು ಬಾಡಿಗೆ ಬೇಲರ್‌ನಿಂದ ಕಟ್ಟಿಸಿ ಒಟ್ಟಿದ್ದೇವೆ. ಕಟ್ಟುವ ಹಿಂದಿನ ದಿನ ತುಂತುರು ಬಿದ್ದಿತ್ತು. ಈಗ ರಾಶಿಯ ಒಳಗಿಂದ ಬೆಲ್ಲ ಸುಟ್ಟಂಥ ವಾಸನೆ ಬರುತ್ತಿದೆ. ದನಗಳಿಗೆ ಹಾಕಬಹುದೇ?
– ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ತಿನ್ನಿಸುವ ಮಾತು ಆಮೇಲೆ, ಮೊದಲು ರಾಶಿಯ ಬಿಸಿ ನೋಡಿ. ಉದ್ದನೆಯ ಕಬ್ಬಿಣದ ಸರಳನ್ನು ರಾಶಿಯ ನಡುವಿಗೆ ಚುಚ್ಚಿ, ಕಾಲು ಗಂಟೆ ಬಿಟ್ಟು ಹೊರಗೆಳೆಯಿರಿ. ತುದಿಯನ್ನು ಕೈಯಲ್ಲಿ ಹಿಡಿದಿಡಲು ಆದರೆ ಕಟ್ಟುಗಳನ್ನು ಬಿಡಿಸಿ ಒಂದೊಂದಾಗಿ ಗಾಳಿಗೆ ನಿಲ್ಲಿಸಿ. ಹಿಡಿಯಲಾಗದಷ್ಟು ಸುಡುತ್ತಿದ್ದರೆ ರಾಶಿಯನ್ನು ನೀವಾಗಿ ಕೆದಕಬೇಡಿ, ಮೇಲೆ ಹತ್ತಲೂ ಬೇಡಿ. ಒಳಗೆ ಹೊಸ ಗಾಳಿ ನುಗ್ಗಿದೊಡನೆ ಬೆಂಕಿ ಹೊತ್ತಬಹುದು. ದನಗಳನ್ನು ಕೊಟ್ಟಿಗೆಯಿಂದ ದೂರ ಕಟ್ಟಿ, 112ಕ್ಕೆ ಕರೆ ಮಾಡಿ ಅಗ್ನಿಶಾಮಕದವರನ್ನು ಕರೆಸಿ. ಹಸಿಯಾಗಿ ಕಟ್ಟಿದ ಮೇವು ಮೊದಲ ಎರಡು ಮೂರು ವಾರಗಳಲ್ಲಿ ಹೆಚ್ಚು ಬಿಸಿಯೇರುತ್ತದೆ, ಆರು ವಾರದವರೆಗೂ ಕಣ್ಣಿಟ್ಟಿರಬೇಕು.

ಬಿಸಿ ಆರಿದ ಮೇಲೆ ಕಂದು ಬಣ್ಣಕ್ಕೆ ತಿರುಗಿ ಸಿಹಿವಾಸನೆ ಬರುವ ಹುಲ್ಲನ್ನು ದನಗಳು ಇಷ್ಟಪಟ್ಟೇ ತಿನ್ನುತ್ತವೆ. ಅದರಿಂದ ಹೊಟ್ಟೆ ತುಂಬುತ್ತದೆಯೇ ಹೊರತು, ಮೊದಲೇ ಕಡಿಮೆಯಿದ್ದ ಪ್ರೋಟೀನ್ ಶಾಖಕ್ಕೆ ಬಂಧಿಯಾಗಿರುವುದರಿಂದ ಜೀರ್ಣವಾಗುವುದಿಲ್ಲ. ಹಿಂಡಿಯನ್ನು ಅದಕ್ಕೆ ತಕ್ಕಂತೆ ಹೆಚ್ಚಿಸಿ. ಬಿಳಿ ಅಥವಾ ಕಪ್ಪು ಬೂಷ್ಟು ಹಿಡಿದು, ಬಿಡಿಸಿದಾಗ ಧೂಳೆದ್ದು ಮುಗ್ಗಲು ವಾಸನೆ ಬರುವ ಕಟ್ಟುಗಳನ್ನು ಮಾತ್ರ ಯಾವ ದನಕ್ಕೂ ಹಾಕಬೇಡಿ, ಗಬ್ಬದ ಹಸುವಿಗಂತೂ ಖಂಡಿತ ಬೇಡ. ಕೊಟ್ಟಿಗೆಯಲ್ಲಿ ಹಾಸಿದರೂ ದನ ಅದಕ್ಕೆ ಬಾಯಿ ಹಾಕುತ್ತದೆ, ಆದ್ದರಿಂದ ನೇರವಾಗಿ ಗೊಬ್ಬರದ ಗುಂಡಿಗೆ ಹಾಕಿ. ಬಿಡಿಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.