ಓ2ನಲ್ಲಿ ಟೆಸ್ಟ್ ಫೇಲ್, ಓ0ನಲ್ಲಿ ಪಾಸ್: ಇದು ಕಂಪೈಲರಿನ ದೋಷವೇ?

ಸೋರ್ಸ್‌ನಿಂದ ಬಿಲ್ಡ್ ಮಾಡಿದ ಸಿ ಲೈಬ್ರರಿಯ ಟೆಸ್ಟ್‌ಗಳು ಕೋಡನ್ನು ಚುರುಕಾಗಿಸುವ (ಆಪ್ಟಿಮೈಸೇಶನ್) ಫ್ಲ್ಯಾಗ್ ಆದ ಓ2 ಹಾಕಿದಾಗ ಕೈಕೊಡುತ್ತವೆ, ಆಪ್ಟಿಮೈಸೇಶನ್ ಇಲ್ಲದ ಓ0 ಹಾಕಿದಾಗ ಸರಿಯಿವೆ. ಹಾಗಾದರೆ ಜಿಸಿಸಿ ಕಂಪೈಲರಿನದೇ ತಪ್ಪಲ್ಲವೇ, ಇಡೀ ಪ್ಯಾಕೇಜನ್ನು ಓ0ನಲ್ಲೇ ಕಟ್ಟಿಬಿಡಲೇ ಎಂದು ಕೇಳಿದ್ದೀರಿ.

ದಯವಿಟ್ಟು ಹಾಗೆ ಮಾಡಬೇಡಿ. ಓ0 ದೋಷವನ್ನು ತೆಗೆಯುವುದಿಲ್ಲ, ಮುಚ್ಚಿಡುತ್ತದೆ. ಜೊತೆಗೆ ಬಫರ್ ಉಕ್ಕುವುದನ್ನು ಹಿಡಿಯುವ ಫೋರ್ಟಿಫೈ ಸೋರ್ಸ್ ರಕ್ಷಣೆಯೂ ಆಪ್ಟಿಮೈಸೇಶನ್ ಇಲ್ಲದೆ ಕೆಲಸ ಮಾಡದು.

ನಾನು ಇಂಥದ್ದನ್ನು ಕಂಡಾಗ ಮೊದಲು ಅನುಮಾನಿಸುವುದು ಕೋಡನ್ನೇ. ಸಿ ಭಾಷೆಯ ನಿಯಮ ಮೀರಿದ ಕೋಡ್, ಅಂದರೆ ಅನ್‌ಡಿಫೈನ್ಡ್ ಬಿಹೇವಿಯರ್, ಓ0ನಲ್ಲಿ ಹೇಗೋ ನಡೆದುಹೋಗುತ್ತದೆ. ಉದಾಹರಣೆಗೆ, ಓವರ್‌ಫ್ಲೋ (ಸಂಖ್ಯೆ ತನ್ನ ಮಿತಿ ಮೀರುವುದು) ಆಯಿತೇ ಎಂದು ನೋಡಲು ಯಾರೋ ‘ಎಕ್ಸ್ + 1 < ಎಕ್ಸ್’ ಎಂದು ಬರೆದಿರುತ್ತಾರೆ. ಸೈನ್ಡ್ ಇಂಟ್ ಓವರ್‌ಫ್ಲೋ ಆಗುವುದೇ ಇಲ್ಲವೆಂದು ನಂಬುವ ಹಕ್ಕು ಕಂಪೈಲರ್‌ಗಿದೆ. ಅದು ಆ ಪರೀಕ್ಷೆಯನ್ನೇ ಅಳಿಸಿಹಾಕುತ್ತದೆ. ದೊಡ್ಡ ಪ್ರಾಜೆಕ್ಟ್‌ಗಳೂ ಇದಕ್ಕೆ ಹೊರತಲ್ಲ. 2016ರಲ್ಲಿ ಬಂದ ಜಿಸಿಸಿ 6, ಸಿ++ನ ‘ದಿಸ್’ ಪಾಯಿಂಟರ್ ನಲ್ ಆಗಿರದು ಎಂದು ಊಹಿಸತೊಡಗಿದಾಗ ಕ್ಯೂಟಿ 5, ಕ್ರೋಮಿಯಂಗಳ ಕೋಡ್ ಕೂಡ ಮುರಿದಿತ್ತು.

ಓ2 ಜೊತೆಗೆ -ಎಫ್‌ನೋ-ಸ್ಟ್ರಿಕ್ಟ್-ಅಲಿಯಾಸಿಂಗ್ ಮತ್ತು -ಎಫ್‌ರ‍್ಯಾಪ್‌ವಿ ಹಾಕಿ ನೋಡಿ. ಬೇರೆ ಬೇರೆ ಟೈಪಿನ ಪಾಯಿಂಟರುಗಳು ಒಂದೇ ಮೆಮೊರಿಯನ್ನು ಮುಟ್ಟವು (ಇದೇ ಅಲಿಯಾಸಿಂಗ್ ನಿಯಮ) ಎಂಬ ಊಹೆಯನ್ನು ಮೊದಲನೆಯದು, ಸೈನ್ಡ್ ಇಂಟ್ ಮಿತಿ ಮೀರದು ಎಂಬ ಊಹೆಯನ್ನು ಎರಡನೆಯದು ಕೈಬಿಡಿಸುತ್ತದೆ. ಬಗ್ ವರದಿ ಮಾಡುವ ಮುನ್ನ ಇವನ್ನು ಪ್ರಯತ್ನಿಸಿ ಎಂದು ಜಿಸಿಸಿಯವರೇ ಹೇಳುತ್ತಾರೆ. ಟೆಸ್ಟ್ ಪಾಸಾದರೆ ಕಾರಣ ಬಹುಮಟ್ಟಿಗೆ ಕೋಡಿನಲ್ಲೇ ಇದೆ. ಮೊದಲನೆಯದನ್ನು ಲಿನಕ್ಸ್ ಕರ್ನಲ್ ಕಾಯಂ ಆಗಿ ಬಳಸುತ್ತದೆ, ಹಾಗಾಗಿ ಅದನ್ನು ಉಳಿಸಿಕೊಳ್ಳಲು ಹಿಂಜರಿಯಬೇಕಿಲ್ಲ.

ಇದರಿಂದಲೂ ಆಗದಿದ್ದರೆ ಫೈಲನ್ನು ಪತ್ತೆಹಚ್ಚಬೇಕು. ಈ ವಿಧಾನವನ್ನು ನಾನು ಬಹಳ ನಂಬುತ್ತೇನೆ. ಎರಡು ಡೈರೆಕ್ಟರಿಗಳಲ್ಲಿ ಬಿಲ್ಡ್ ಮಾಡಿ, ಒಂದು ಓ0, ಇನ್ನೊಂದು ಓ2. ಈಗ ಅರ್ಧ ಆಬ್ಜೆಕ್ಟ್ ಫೈಲ್‌ಗಳನ್ನು ಇಲ್ಲಿಂದ, ಅರ್ಧ ಅಲ್ಲಿಂದ ತೆಗೆದು ಲಿಂಕ್ ಮಾಡಿ ಟೆಸ್ಟ್ ಓಡಿಸಿ. ಟೆಸ್ಟ್ ಫೇಲಾದರೆ ಓ2ನಿಂದ ತಂದ ಅರ್ಧದಲ್ಲಿ ದೋಷ, ಪಾಸಾದರೆ ಉಳಿದರ್ಧದಲ್ಲಿ. ದೋಷವಿರುವ ಅರ್ಧವನ್ನು ಮತ್ತೆ ಅರ್ಧ ಮಾಡಿ. 200 ಫೈಲ್ ಇದ್ದರೂ 8 ಸಲ ಲಿಂಕ್ ಮಾಡುವಷ್ಟರಲ್ಲಿ ಒಂದೇ ಫೈಲ್ ಕೈಗೆ ಸಿಗುತ್ತದೆ. ಎಲ್‌ಟಿಒ (ಲಿಂಕ್ ಮಾಡುವಾಗ ಎಲ್ಲ ಫೈಲುಗಳನ್ನೂ ಒಟ್ಟಿಗೆ ಆಪ್ಟಿಮೈಜ್ ಮಾಡುವುದು) ಆಫ್ ಮಾಡಿರಬೇಕು, ಇಲ್ಲದಿದ್ದರೆ ಫೈಲ್‌ಗಳ ಗಡಿಯೇ ಉಳಿಯುವುದಿಲ್ಲ. ಎರಡು ಫೈಲ್ ಸೇರಿದರೆ ಮಾತ್ರ ಕೆಡುವುದೂ ಉಂಟು. ಆಗ ಅವುಗಳ ನಡುವೆ ಹಂಚಿಕೆಯಾಗುವ ಡೇಟಾ ನೋಡಿ. ಫೈಲ್ ಸಿಕ್ಕ ಮೇಲೆ ಆಪ್ಟಿಮೈಜ್ ಆಟ್ರಿಬ್ಯೂಟ್‌ನಿಂದ ಒಂದೊಂದೇ ಫಂಕ್ಷನ್ನನ್ನು ಓ0ಗಿಳಿಸಿ ಇನ್ನೂ ಕಿರಿದಾಗಿಸಬಹುದು. ಅದು ಹುಡುಕಾಟಕ್ಕಷ್ಟೇ, ಬಿಡುಗಡೆಗಲ್ಲ.

ಪ್ರೋಗ್ರಾಮ್ ಓಡುವಾಗಲೇ ದೋಷ ಹಿಡಿಯುವ ಅಡ್ರೆಸ್, ಅನ್‌ಡಿಫೈನ್ಡ್ ಸ್ಯಾನಿಟೈಜರ್‌ಗಳನ್ನೂ ಓಡಿಸಿ. ಆದರೆ ಅವು ಸುಮ್ಮನಿದ್ದ ಮಾತ್ರಕ್ಕೆ ಕೋಡ್ ಶುದ್ಧವೆಂದಲ್ಲ: ಅಲಿಯಾಸಿಂಗ್ ಉಲ್ಲಂಘನೆ ಅವುಗಳ ಕಣ್ಣಿಗೆ ಬೀಳದು, ಬೆಲೆ ತುಂಬದ ವೇರಿಯಬಲ್‌ಗೆ ವ್ಯಾಲ್‌ಗ್ರೈಂಡ್ ಎಂಬ ಮೆಮೊರಿ ಪರೀಕ್ಷಕ ಬೇಕು.

ಟೆಸ್ಟ್‌ನಲ್ಲಿ ದಶಮಾಂಶದ ಕೊನೆಯ ಅಂಕಿಗಳಷ್ಟೇ ಬೇರೆಯಾಗಿದ್ದರೆ ಮೇಕ್‌ಫೈಲ್‌ನಲ್ಲಿ ನಿಖರತೆ ಬಿಟ್ಟು ವೇಗ ಹಿಡಿಯುವ ಫಾಸ್ಟ್-ಮ್ಯಾಥ್ ಫ್ಲ್ಯಾಗ್ ಇದೆಯೇ ನೋಡಿ. ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ಬಂದರೆ ಬಿಲ್ಡ್ ಮಾಡುವ ಯಂತ್ರದ ಪ್ರೊಸೆಸರಿಗೇ ಕೋಡ್ ಹೊಂದಿಸುವ ಮಾರ್ಚ್=ನೇಟಿವ್ ಹಾಕಿ ಬೇರೆ ಪ್ರೊಸೆಸರ್‌ನಲ್ಲಿ ಓಡಿಸಿದ್ದೀರೇನೋ.

ಪಾಯಿಂಟರ್ ಕ್ಯಾಸ್ಟ್‌ನಿಂದಾದ ಅಲಿಯಾಸಿಂಗ್ ದೋಷವಾದರೆ ಆ ಜಾಗದಲ್ಲಿ ಮೆಮ್‌ಕಾಪಿ ಬಳಸಿ, ಪ್ಯಾಚನ್ನು ಮೂಲ ಪ್ರಾಜೆಕ್ಟ್‌ಗೆ ಕಳಿಸಿ. ಅವರು ಸೇರಿಸಿಕೊಳ್ಳುವವರೆಗೆ ಸ್ಟ್ರಿಕ್ಟ್-ಅಲಿಯಾಸಿಂಗ್ ಕೈಬಿಡಿಸುವ ಆ ಫ್ಲ್ಯಾಗನ್ನು ಆ ಒಂದು ಫೈಲ್‌ಗೆ ಮಾತ್ರ ಕೊಡಿ. ಇಷ್ಟೆಲ್ಲ ಆದಮೇಲೂ ಕೋಡಿನಲ್ಲಿ ತಪ್ಪು ಕಾಣದಿದ್ದರೆ, -ಸೇವ್-ಟೆಂಪ್ಸ್ ಹಾಕಿ ಸಿಗುವ ಪ್ರೀಪ್ರೊಸೆಸ್ ಆದ ಫೈಲ್, ಪೂರ್ತಿ ಕಮಾಂಡ್ ಮತ್ತು ಜಿಸಿಸಿ ಆವೃತ್ತಿಯೊಂದಿಗೆ ಜಿಸಿಸಿಯವರಿಗೇ ಬರೆಯಿರಿ.